ಒಂದು 15 ಆಂಪ್ಸ್ ಪಾಯಿಂಟಿಗೆ ಇಷ್ಟು ರಂಪವೇ?

ಈಗಷ್ಟೇ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ಮುಗಿಸಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತೆ.

ಮೂರನೇ ಮಹಡಿಯಲ್ಲಿ ಒಬ್ಬರು ಮೇಡಂ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಬಂದ ದುಡ್ಡಿನಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದಾರೆ. ಅವರು ಸಭೆಯಲ್ಲಿ ಕೇಳಿದ್ದು ಇಷ್ಟೇ: ತಮ್ಮ ಪಾರ್ಕಿಂಗ್ ಜಾಗದ ಪಕ್ಕದ ಕಂಬಕ್ಕೆ, ಕಾರು ಚಾರ್ಜ್ ಮಾಡಲು, ಒಂದು 15 ಆಂಪ್ಸ್ ಪಾಯಿಂಟ್ (ಗೀಸರಿಗೆ ಹಾಕುವಂಥ ದೊಡ್ಡ ಪ್ಲಗ್). ವೈರು ಬರುವುದು ಅವರದೇ ಮೀಟರಿನಿಂದ. ಬಿಲ್ಲು ಅವರದೇ. ವೈರಿಂಗ್ ಖರ್ಚೂ ಅವರದೇ. ಸಮಿತಿಯಿಂದ ಸಿಕ್ಕ ಉತ್ತರ: "ಬೇಡ ಮೇಡಂ. ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ."

ಕೇಳಲಿ! ಎಲ್ಲರೂ ಕೇಳಲಿ ಅಂತಲೇ ಅಲ್ವಾ ಸರ್ಕಾರ ಸಬ್ಸಿಡಿ ಕೊಟ್ಟಿದ್ದು, ತೆರಿಗೆ ಇಳಿಸಿದ್ದು? ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಆ ನೀತಿ ನಮ್ಮ ಬೇಸ್‌ಮೆಂಟಿನ ಮೆಟ್ಟಿಲು ಇಳಿಯಲು ಇನ್ನೂ ಎಷ್ಟು ವರ್ಷ ಬೇಕು?

ನಾನು ಇವಿ (ಎಲೆಕ್ಟ್ರಿಕ್ ಕಾರು) ಓಡಿಸುವುದು ನಿಮಗೆಲ್ಲ ಗೊತ್ತು. ನನ್ನ ಪಾಯಿಂಟ್ ಹಿಂದಿನ ಸಮಿತಿ ಇದ್ದಾಗ ಬಂತು. ಆಗಿನ ಅಧ್ಯಕ್ಷರು ಒಂದೇ ಮಾತು ಹೇಳಿದ್ದರು: "ಒಳ್ಳೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ವೈರು ಪೈಪಿನೊಳಗೆ ಹೋಗಲಿ." ಮುಗಿಯಿತು. ಅವತ್ತಿನಿಂದ ಇವತ್ತಿನವರೆಗೆ ಅದೇ ಬೇಸ್‌ಮೆಂಟಿನಲ್ಲಿ ನನ್ನ ಕಾರು ರಾತ್ರಿ ಚಾರ್ಜಿಗೆ ನಿಲ್ಲುತ್ತಿದೆ. ಯಾರ ಮನೆಯ ಫ್ಯೂಸೂ ಹೋಗಿಲ್ಲ. ಸಭೆಯಲ್ಲಿ ಇದನ್ನೇ ಹೇಳಿದೆ. "ನಿಮ್ಮದು ಹಳೇ ವಿಷಯ" ಅಂದರು. ಹಳೇ ವಿಷಯಕ್ಕೆ ಇಲ್ಲದ ಅಪಾಯ ಹೊಸಬರಿಗೆ ಮಾತ್ರ ಎಲ್ಲಿಂದ ಬಂತು?

ಇವಿ ಅಂದ ಕೂಡಲೇ ನೆಂಟರು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ. "ಫುಲ್ ಚಾರ್ಜಿಗೆ ಎಷ್ಟು ಓಡುತ್ತೆ? ಊರಿಗೆ ಹೋಗುವಾಗ ದಾರೀಲಿ ಚಾರ್ಜರ್ ಸಿಗುತ್ತಾ?" ಸಿಗುತ್ತೆ. ಮೈಸೂರು ರಸ್ತೆಯಲ್ಲಿ, ಹಾಸನದ ದಾರಿಯಲ್ಲಿ ಹೋಟೆಲುಗಳ ಮುಂದೆಯೇ ಇವೆ. ದೋಸೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಮುಂದಿನ ದಾರಿಗೆ ಬೇಕಾದಷ್ಟು ತುಂಬುತ್ತೆ. ಊರಿಗೆ ಹೋಗುವಾಗ ಶಿರಾಡಿ ಘಾಟ್ ಇಳಿಯುತ್ತೇವಲ್ಲ, ಆಗ ಬ್ಯಾಟರಿ ಪರ್ಸೆಂಟ್ ಕಡಿಮೆಯಾಗುವ ಬದಲು ಮೇಲೇರುತ್ತೆ. ಇಳಿಜಾರಿನಲ್ಲಿ ಮೋಟರೇ ಜನರೇಟರ್ ಆಗಿ ಕರೆಂಟನ್ನು ವಾಪಸ್ ಬ್ಯಾಟರಿಗೆ ಕಳಿಸುತ್ತೆ. ಬ್ರೇಕ್ ಮುಟ್ಟುವುದೇ ಅಪರೂಪ. ಪ್ರತಿ ಸಲವೂ ಮಕ್ಕಳು ಆ ಅಂಕಿಯನ್ನೇ ನೋಡುತ್ತಾ ಕೂತಿರುತ್ತಾರೆ. ನನಗೂ ಅಷ್ಟೇ ಖುಷಿ.

ಆದರೆ ಊರಿಗೆ ಹೋಗುವುದು ಹಬ್ಬಕ್ಕೆ, ಮದುವೆಗೆ. ದಿನಾ ಓಡಾಡುವುದು ಆಫೀಸು, ಶಾಲೆ, ಆಸ್ಪತ್ರೆ, ತರಕಾರಿ ಅಂತ. ಆ ಓಡಾಟ ನಡೆಯುವುದು ಮನೆಯ ಪ್ಲಗ್ಗಿನ ಮೇಲೆ. ರಾತ್ರಿ ಬಂದು ಸಿಕ್ಕಿಸಿದರೆ ಬೆಳಿಗ್ಗೆ ರೆಡಿ. ನನ್ನ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತೆ. ಮನೆ ಕರೆಂಟಿನ ದರದಲ್ಲಿ ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ರೂಪಾಯಿ. ಅದೇ ಕಾರನ್ನು ಹೊರಗಿನ ಫಾಸ್ಟ್ ಚಾರ್ಜರಿಗೆ ಹಾಕಿದರೆ ದರವೇ ಮೂರು ಪಟ್ಟು ಇರುತ್ತೆ, ಮೇಲೆ 18% ಜಿಎಸ್‌ಟಿ. ಜೊತೆಗೆ ಕಾಯಬೇಕು. ಮುಂದಿನ ಗಾಡಿ ಎಂಬತ್ತು ಪರ್ಸೆಂಟ್ ದಾಟಿಯೂ ತೆಗೆಯದಿದ್ದರೆ ಇನ್ನೂ ಕಾಯಬೇಕು, ಯಾಕೆಂದರೆ ಅಲ್ಲಿಂದ ಮೇಲೆ ತುಂಬುವುದು ಬಲು ನಿಧಾನ. ಚಾರ್ಜಿಂಗ್ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ ಶಾಪಿಂಗಿಗೆ ಹೋದವರ ಬಗ್ಗೆ ಬೇರೆಯೇ ಬರೆಯಬೇಕು. ಅರವತ್ತು ದಾಟಿದ ಹೆಂಗಸು ರಾತ್ರಿ ಒಂಬತ್ತಕ್ಕೆ ಯಾವುದೋ ಮಾಲಿನ ನೆಲಮಾಳಿಗೆಯಲ್ಲಿ ಒಬ್ಬರೇ ಕೂತು ಚಾರ್ಜ್ ಆಗುವುದನ್ನು ಕಾಯಬೇಕಾ? ಮನೆ ಕೆಳಗೆ ಸ್ವಂತ ಜಾಗ ಇಟ್ಟುಕೊಂಡು?

ಈಗ ಬೆಂಕಿಯ ಮಾತು. ಸಭೆಯಲ್ಲಿ ಮೊಬೈಲ್ ತೆಗೆದು ಸ್ಕೂಟರ್ ಹೊತ್ತಿ ಉರಿಯುವ ವಿಡಿಯೋ ತೋರಿಸಿದರು. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದದ್ದು ನಿಜ. ಜನ ಹೆದರಿದ್ದೂ ಸರಿಯೇ. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ಆದರೆ ಭಯ ಬೆಂಕಿಯದ್ದೇ ಆಗಿದ್ದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು. ವೈರು ಎಷ್ಟು ದಪ್ಪದ್ದು? ಅದಕ್ಕೇ ಬೇರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇದೆಯಾ? ಅರ್ಥಿಂಗ್ ಸರಿ ಇದೆಯಾ? ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜೇ ತಗೊಳ್ಳುವುದಿಲ್ಲ, ಅಷ್ಟು ಕಟ್ಟುನಿಟ್ಟು. ಇದರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ. ಮೇಡಂ ತಂದಿದ್ದ ಎಲೆಕ್ಟ್ರಿಷಿಯನ್ ಎಸ್ಟಿಮೇಟನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅದೇ ಬೇಸ್‌ಮೆಂಟಿನಲ್ಲಿ ಸಾಲುಸಾಲು ಪೆಟ್ರೋಲ್ ಟ್ಯಾಂಕುಗಳು ನಿಂತಿವೆ. ಅವಕ್ಕೆ ಸಮಿತಿಯ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಬೇಡ. ಕಾರಣ ಇಷ್ಟೇ, ಅವು ಮೊದಲಿನಿಂದಲೂ ಅಲ್ಲಿವೆ.

ಲೋಡ್ ವಿಷಯ ಎತ್ತಿದವರಿಗೆ ಸ್ವಲ್ಪ ತಾಳ್ಮೆಯಿಂದಲೇ ಉತ್ತರ ಕೊಟ್ಟೆ, ಅದು ನ್ಯಾಯವಾದ ಪ್ರಶ್ನೆ. 15 ಆಂಪ್ಸ್ ಪಾಯಿಂಟಿನಲ್ಲಿ ಕಾರು ಎಳೆಯುವುದು ಸುಮಾರು 3.3 ಕಿಲೋವ್ಯಾಟ್. ನಮ್ಮ ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟ್. ಬೆಳಿಗ್ಗೆ ಆರೂವರೆಗೆ ಇಡೀ ಕಟ್ಟಡದ ಗೀಸರುಗಳು ಒಟ್ಟಿಗೆ ಆನ್ ಆಗುತ್ತವೆ. ಅದನ್ನು ತಾಳಿಕೊಳ್ಳುವ ಟ್ರಾನ್ಸ್‌ಫಾರ್ಮರಿಗೆ ರಾತ್ರಿ ಹನ್ನೊಂದರ ಮೇಲೆ ನಾಲ್ಕಾರು ಕಾರು ಭಾರವಾಗುವುದಿಲ್ಲ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವವರಿಗೆ ಎರಡು ಗಂಟೆ ಚಾರ್ಜ್ ಸಾಕು. ಮುಂದೆ ಕಾರು ಜಾಸ್ತಿ ಆದರೆ ಸರದಿ ಮಾಡಿಕೊಳ್ಳಬಹುದು, ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಏರಿಸಿಕೊಳ್ಳಬಹುದು. ಚಾರ್ಜಿಂಗಿಗೆ ಅಂತಲೇ ಬೇರೆ ಕನೆಕ್ಷನ್ ಪಡೆಯಬಹುದು ಎಂದು ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮದಲ್ಲಿ 2024ರ ಫೆಬ್ರವರಿಯಲ್ಲೇ ಬಂದಿದೆ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಲು ಅನುಮತಿ ಇದೆ ಎಂದು ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಇಷ್ಟೆಲ್ಲ ಇದ್ದೂ ಒಂದು ಎನ್‌ಒಸಿಗೆ ಸಹಿ ಬೀಳದಿದ್ದರೆ ವೈರು ಎಳೆಯುವುದು ಹೇಗೆ? ಜರ್ಮನಿಯಲ್ಲಿ 2020ರಿಂದ ಫ್ಲ್ಯಾಟಿನ ಮಾಲೀಕರಿಗೆ ಚಾರ್ಜಿಂಗ್ ಪಾಯಿಂಟ್ ಕೇಳಿ ಪಡೆಯುವ ಕಾನೂನಿನ ಹಕ್ಕೇ ಇದೆ. ನಮಗೂ ಅಂಥದ್ದು ಬೇಕು. ಸಮಿತಿ ಬದಲಾದಂತೆ ಬದಲಾಗುವ ಒಪ್ಪಿಗೆ ಬೇಡ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ಇದು ಬೆಂಗಳೂರು ಕಣ್ರೀ. ರೇವಾ ಕಾರು ಹುಟ್ಟಿದ ಊರು. 2001ರಲ್ಲೇ ಚೇತನ್ ಮೈನಿ ಅವರ ಕಂಪನಿ ಇಲ್ಲಿ ಎಲೆಕ್ಟ್ರಿಕ್ ಕಾರು ಮಾಡಿ ಮಾರಿತು. ಅದು ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಆ ಕಾರು ಚಾರ್ಜ್ ಆಗುತ್ತಿದ್ದುದೂ ಇದೇ 15 ಆಂಪ್ಸ್ ಪ್ಲಗ್ಗಿನಲ್ಲಿ. ಇಷ್ಟು ವರ್ಷ ಆದಮೇಲೂ ಅದೇ ಊರಿನಲ್ಲಿ ಅದೇ ಪ್ಲಗ್ಗಿಗೆ ಕೈಮುಗಿದು ನಿಲ್ಲಬೇಕು ಅಂದರೆ ನನಗೆ ಸಂಕಟ ಆಗುತ್ತೆ.

ಹೌದು, ಸಭೆಯಲ್ಲಿ ನಾನು ದನಿ ಏರಿಸಿದೆ. ನನ್ನ ಹೆಂಡತಿ ಎರಡು ಸಲ ತೋಳು ಹಿಡಿದು ಕೂರಿಸಿದಳು. ಏರಿಸಿದ್ದಕ್ಕೆ ನನಗೆ ಬೇಸರ ಇಲ್ಲ. ಮೇಡಂ ಒಂದು ಮಾತೂ ಜೋರಾಗಿ ಆಡಲಿಲ್ಲ. "ಹೋಗಲಿ ಬಿಡಿ ಸರ್, ಬುಕಿಂಗ್ ಕ್ಯಾನ್ಸಲ್ ಮಾಡಿ ಪೆಟ್ರೋಲಿಂದೇ ತಗೋತೀನಿ" ಅಂದರು. ಅದನ್ನು ಕೇಳಿ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂತು. ಈ ವಾರ ಕ್ಯಾನ್ಸಲ್ ಮಾಡಬೇಡಿ ಅಂತ ಅವರನ್ನು ಒಪ್ಪಿಸಿ ಬಂದಿದ್ದೇನೆ.

ಹಾಗಾಗಿ ಒಂದು ಸಹಾಯ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಆ ಪತ್ರದ ಪ್ರತಿ ನನಗೆ ಇನ್‌ಬಾಕ್ಸ್ ಮಾಡಿ. ಸಭೆಯ ನಡಾವಳಿ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಕಾಗದದಲ್ಲಿ ತೋರಿಸಿದರೆ ನಮ್ಮವರಲ್ಲಿ ಇಬ್ಬರಾದರೂ ಒಪ್ಪುತ್ತಾರೆ. ಆಗಲ್ಲ ಅನ್ನುವವರಿಂದ, ಯಾಕೆ ಆಗಲ್ಲ ಅನ್ನುವುದನ್ನು ಸಹಿ ಹಾಕಿಸಿಯೇ ಪಡೆಯುತ್ತೇವೆ. ಅರ್ಜಿ ಮೇಡಂ ಹೆಸರಿನಲ್ಲಿ, ಕೆಳಗೆ ನನ್ನ ಸಹಿಯೂ ಇರುತ್ತೆ.