ಬೋಸಾನ್ ಹೆಸರಿನಲ್ಲಿ ಬೋಸ್ ಇದ್ದಾರೆ, ಆದರೆ ‘ದೇವಕಣ’ ಅವರ ಶೋಧವಲ್ಲ

ಮಂಗಳೂರು, ಉಡುಪಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಆಗಾಗ ಬರುತ್ತದೆ: ‘ದೇವಕಣ’ (ಹಿಗ್ಸ್ ಬೋಸಾನ್ ಅನ್ನುವ ಕಣ) ಕಂಡುಹಿಡಿದವರು ನಮ್ಮ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್, ಹೊರಗಿನವರು ಕೀರ್ತಿ ಕಸಿದರು ಅಂತ. ಇದು ಸರಿಯಲ್ಲ.

ಬೋಸಾನ್ ಅನ್ನುವುದು ಒಂದು ಕಣದ ಹೆಸರಲ್ಲ, ಕಣಗಳ ಒಂದು ದೊಡ್ಡ ಗುಂಪಿನ ಹೆಸರು. ಬೆಳಕಿನ ಕಣ ಫೋಟಾನ್ ಕೂಡ ಬೋಸಾನೇ. ಇಂಥ ಕಣಗಳನ್ನು ಲೆಕ್ಕ ಹಾಕುವ ಹೊಸ ದಾರಿಯನ್ನು ಬೋಸ್ 1924ರಲ್ಲಿ, ಢಾಕಾದಲ್ಲಿ ಪಾಠ ಮಾಡುತ್ತಿದ್ದಾಗ ತೋರಿಸಿದರು. ಅವರ ಬರಹವನ್ನು ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಮುಂದೆ ಭೌತವಿಜ್ಞಾನಿ ಪಾಲ್ ಡಿರಾಕ್ ಇಡೀ ಗುಂಪಿಗೆ ಬೋಸರ ಹೆಸರಿಟ್ಟರು. ಒಂದು ಕಣಕ್ಕೆ ಹೆಸರಿಡುವುದಕ್ಕಿಂತ ಇದು ದೊಡ್ಡ ಗೌರವ, ಅಲ್ವಾ?

‘ದೇವಕಣ’ ಅಂದರೆ ಹಿಗ್ಸ್ ಬೋಸಾನ್ ಈ ಗುಂಪಿನ ಒಂದು ಕಣ ಮಾತ್ರ. ಅದರ ಊಹೆ 1964ರದ್ದು. ಆ ವರ್ಷ ಹಲವರು ಅದೇ ದಾರಿಯಲ್ಲಿ ಯೋಚಿಸಿದ್ದರು, ಹೆಸರು ಮಾತ್ರ ಅವರಲ್ಲಿ ಪೀಟರ್ ಹಿಗ್ಸ್ ಒಬ್ಬರದ್ದೇ ಉಳಿಯಿತು. ಕಣ ಸಿಕ್ಕಿದ್ದು 2012ರಲ್ಲಿ. ಬೋಸ್ ತೀರಿಕೊಂಡದ್ದು 1974ರಲ್ಲಿ.

ಬೋಸರಿಗೆ ನೊಬೆಲ್ ಬರಲಿಲ್ಲ ಅನ್ನುವ ಬೇಸರ ನ್ಯಾಯವಾದದ್ದೇ. ಹಂಚಿಕೊಳ್ಳುವವರ ಅಭಿಮಾನವೂ ಅರ್ಥವಾಗುತ್ತದೆ.

ಇಂಥ ಸಂದೇಶ ಬಂದರೆ ವ್ಯಕ್ತಿ ಬದುಕಿದ್ದ ವರ್ಷಗಳನ್ನೂ ಶೋಧದ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೊಬೆಲ್ ಜಾಲತಾಣದಲ್ಲಿ ಯಾರಿಗೆ, ಯಾವ ಕೆಲಸಕ್ಕೆ ಬಹುಮಾನ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. 50 ವರ್ಷ ದಾಟಿದ ನಾಮನಿರ್ದೇಶನಗಳೂ ಅಲ್ಲಿ ಸಿಗುತ್ತವೆ. ಬೋಸರ ಹೆಸರೂ ಅದರಲ್ಲಿದೆ.