ಚಿಪ್ಪುಹಂದಿಯ ಹಲ್ಲು ಎಲ್ಲಿ ಹೋಯಿತು?

ಕಳೆದ ವಾರ ನಮ್ಮ ತೋಟದ ಕೆಳಭಾಗದಲ್ಲಿ, ತೋಡಿನ ಪಕ್ಕದಲ್ಲಿದ್ದ ಗೆದ್ದಲಿನ ಹುತ್ತವೊಂದು ರಾತ್ರಿ ಬೆಳಗಾಗುವುದರೊಳಗೆ ಬುಡದವರೆಗೂ ಬಗೆದುಹೋಗಿತ್ತು. ತೋಟದ ರೈಟರ್ ಅದನ್ನು ನೋಡಿ, "ಚಿಪ್ಪುಹಂದಿ ಬಂದದ್ದು ಸಾರ್. ಹಂದಿ ಜಾತಿಯಲ್ಲವಾ, ಅಗೆಯದೆ ಬಿಡುತ್ತದಾ?" ಎಂದರು. ಅದು ಹಂದಿಯಲ್ಲ, ಹೆಸರಿನಲ್ಲಷ್ಟೇ ಹಂದಿ ಇದೆ, ಬಂಧುತ್ವ ನೋಡಿದರೆ ಹುಲಿ, ನಾಯಿ, ಕರಡಿಗಳ ಕಡೆಯದು ಎಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಲಿಯ ನೆಂಟನಾದರೆ ಅದರ ಹಲ್ಲು ಎಲ್ಲಿ ಹೋಯಿತು ಸಾರ್?" ಎಂದು ಕೇಳಿದರು.

ಇಪ್ಪತ್ತೆಂಟು ವರ್ಷ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡಿದ ನನಗೆ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳದಿದ್ದುದು ಅವರ ತಪ್ಪಲ್ಲ, ಕೇಳುವಂತೆ ನಾನು ಪಾಠ ಮಾಡಿರಲಿಲ್ಲ. ಫೋಲಿಡೋಟ ಎಂಬ ಪ್ರತ್ಯೇಕ ಗಣವೆಂದು ಚಿಪ್ಪುಹಂದಿಯ ಲಕ್ಷಣಗಳನ್ನು ಬರೆಸಿ, ಹಲ್ಲಿಲ್ಲದ ಬಾಯಿ, ಉದ್ದ ನಾಲಿಗೆ, ಬಲವಾದ ಉಗುರು ಇರುವುದರಿಂದ ದಕ್ಷಿಣ ಅಮೆರಿಕದ ಇರುವೆಬಾಕಕ್ಕೆ ಇದು ಹತ್ತಿರದ ಬಂಧು ಎಂದು ಸೇರಿಸುತ್ತಿದ್ದೆ. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ ಇವನ್ನೆಲ್ಲ ಹಲ್ಲಿಲ್ಲದವುಗಳ ಒಂದೇ ಗುಂಪಿಗೆ ಹಾಕಿದ್ದರು. ಅವರ ಕೈಯಲ್ಲಿದ್ದುದು ಮೂಳೆ ಮತ್ತು ಚರ್ಮ ಮಾತ್ರವಾದ್ದರಿಂದ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ನಾನು 2001ರ ನಂತರವೂ ಕೆಲವು ವರ್ಷ ಅದನ್ನೇ ಬರೆಸಿದೆ ಎಂಬುದಕ್ಕೆ ಅಂಥ ನೆಪವಿಲ್ಲ.

ಆ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಹಲವಾರು ಜೀನ್‌ಗಳನ್ನು ಹೋಲಿಸಿ, ಗರ್ಭವೇಷ್ಟನವಿರುವ ಎಲ್ಲ ಸಸ್ತನಿಗಳನ್ನು ನಾಲ್ಕು ದೊಡ್ಡ ಬಳಗಗಳಾಗಿ ವಿಂಗಡಿಸಿದವು. ಇರುವೆಬಾಕ, ಸ್ಲಾತ್, ಆರ್ಮಡಿಲೊಗಳು ದಕ್ಷಿಣ ಅಮೆರಿಕದ ಬಳಗದಲ್ಲಿ ಉಳಿದವು. ಚಿಪ್ಪುಹಂದಿ ಅವುಗಳಿಂದ ಬಹುದೂರ ಸರಿದು ಮಾಂಸಾಹಾರಿ ಗಣದ ಪಕ್ಕಕ್ಕೆ ಬಂದು ಕುಳಿತಿತು. ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದುವೆ ಮನೆಯಲ್ಲಿ ಇಬ್ಬರ ಮೂಗು ಒಂದೇ ರೀತಿ ಇದೆಯೆಂದು ಯಾರೂ ಅವರನ್ನು ಒಂದೇ ಒಕ್ಕಕ್ಕೆ, ಅಂದರೆ ಒಂದೇ ಮನೆತನಕ್ಕೆ ಸೇರಿಸುವುದಿಲ್ಲ, ಯಾವ ಐನ್‌ಮನೆಯವರು, ಅಂದರೆ ಯಾವ ಮೂಲಮನೆಯವರು ಎಂದು ಕೇಳಿಯೇ ತೀರ್ಮಾನಿಸುತ್ತಾರೆ.

ಹಾಗಾದರೆ ಹಲ್ಲು? ಇದಕ್ಕೆ ನಾನು ಓದಿದ ಉತ್ತರಗಳಲ್ಲೆಲ್ಲ ಅತ್ಯಂತ ಮನಸ್ಸಿಗೆ ಹಿಡಿದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಭಾಗದ ವಿಕಾಸ ಜೀವಶಾಸ್ತ್ರಜ್ಞ ಮಾರ್ಕ್ ಸ್ಪ್ರಿಂಗರ್ ಮತ್ತು ಅವರ ಸಂಗಾತಿಗಳು ಕಂಡುಕೊಂಡದ್ದು. ಹಲ್ಲಿನ ಹೊರಪದರವಾದ ಎನಾಮಲ್ ರೂಪುಗೊಳ್ಳಲು ಎನಾಮೆಲಿನ್ ಎಂಬ ಪ್ರೋಟೀನ್ ಬೇಕು, ಅದಕ್ಕೊಂದು ಜೀನ್ ಇದೆ. ಮನುಷ್ಯರಲ್ಲಿ ಈ ಜೀನ್ ಕೆಟ್ಟರೆ ಎನಾಮಲ್ ತೆಳುವಾಗಿ ಹಲ್ಲು ಹಾಳಾಗುತ್ತದೆ. ರಾಬರ್ಟ್ ಮೆರೆಡಿತ್, ಜಾನ್ ಗೇಟ್ಸಿ ಮೊದಲಾದವರೊಡನೆ ಸ್ಪ್ರಿಂಗರ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಹಲ್ಲೇ ಇಲ್ಲದ ಅಥವಾ ಹಲ್ಲಿದ್ದೂ ಎನಾಮಲ್ ಇಲ್ಲದ ಸಸ್ತನಿಗಳಲ್ಲಿ ಆ ಜೀನ್ ಏನಾಗಿದೆ ಎಂದು ಹುಡುಕಿತು. ಜೀನ್ ಮಾಯವಾಗಿರಲಿಲ್ಲ. ಅದು ತನ್ನ ಜಾಗದಲ್ಲೇ ಇತ್ತು, ಆದರೆ ಮುರಿದುಬಿದ್ದಿತ್ತು.

ಮುರಿಯುವುದೆಂದರೆ ಏನೆಂಬುದನ್ನು ಕನ್ನಡದಲ್ಲೇ ತೋರಿಸಬಹುದು. ಪ್ರೋಟೀನ್ ತಯಾರಿಸುವಾಗ ಜೀವಕೋಶವು ಜೀನಿನ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. 'ಕಮಲ ಸರಳ ನಗರ' ಎಂಬ ಸಾಲಿನಿಂದ ಒಂದು 'ಮ' ಬಿದ್ದುಹೋದರೆ ಓದುವವನಿಗೆ 'ಕಲಸ ರಳನ ಗರ' ಎಂದು ಸಿಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಅರ್ಥಹೀನ. ಹಲ್ಲಿನಿಂದಲೇ ಬದುಕುವ ಹುಲಿಯಲ್ಲಿ ಇಂಥ ತಪ್ಪಾದರೆ ಆ ಮರಿ ಬಾಳುವುದು ಕಷ್ಟ, ತಪ್ಪು ಅದರೊಂದಿಗೇ ಅಳಿಯುತ್ತದೆ. ಇರುವೆ, ಗೆದ್ದಲುಗಳನ್ನು ನಾಲಿಗೆಗೆ ಅಂಟಿಸಿಕೊಂಡು ನುಂಗುವ, ಹಲ್ಲನ್ನು ಎಂದೋ ಬಿಟ್ಟ ಪ್ರಾಣಿಯಲ್ಲಿ ಅದೇ ತಪ್ಪಾದರೆ ಕೇಳುವವರಿಲ್ಲ, ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಟುತ್ತದೆ, ಅದರ ಮೇಲೆ ಇನ್ನಷ್ಟು ತಪ್ಪುಗಳು ಸೇರುತ್ತವೆ.

ನಮ್ಮ ಹಳೆಯ ಮನೆಯಲ್ಲಿ ಭತ್ತ ತುಂಬಿಡುತ್ತಿದ್ದ ಪತ್ತಾಯವನ್ನು ನೋಡಿದಾಗಲೆಲ್ಲ ನನಗೆ ಈ ಜೀನ್ ನೆನಪಾಗುತ್ತದೆ. ಗದ್ದೆ ಬೇಸಾಯ ಇದ್ದಷ್ಟು ಕಾಲ ಅದರ ಒಂದು ಹಲಗೆ ಸಡಿಲವಾದರೂ ಅಜ್ಜ ಆ ದಿನವೇ ಆಚಾರಿಯನ್ನು ಕರೆಸುತ್ತಿದ್ದರು, ಏಕೆಂದರೆ ಇಲಿ ನುಗ್ಗಿದರೆ ಭತ್ತ ಹೋಗುತ್ತಿತ್ತು. ಗದ್ದೆ ಪಾಳುಬಿಟ್ಟ ಮೇಲೆ ಅದನ್ನು ಯಾರೂ ಒಡೆದು ಹಾಕಲಿಲ್ಲ, ಯಾರೂ ರಿಪೇರಿ ಮಾಡಲೂ ಇಲ್ಲ. ಈಗ ಎಷ್ಟು ಹಲಗೆ ಗೆದ್ದಲು ಹಿಡಿದಿದೆ ಎಂದು ನೋಡಿ, ಬೇಸಾಯ ನಿಂತು ಎಷ್ಟು ಕಾಲವಾಗಿರಬಹುದೆಂದು ಅಂದಾಜು ಮಾಡಬಹುದು. ಕೆಟ್ಟ ಜೀನಿನಲ್ಲಿ ಸೇರಿಕೊಂಡ ತಪ್ಪುಗಳಿಂದಲೂ ಸಂಶೋಧಕರು ಇಂಥದೇ ಲೆಕ್ಕ ಹಾಕುತ್ತಾರೆ, ಬಳಿಕ ಆ ಕಾಲವನ್ನು ಪಳೆಯುಳಿಕೆಗಳ ಎದುರು ಇಟ್ಟು ತಾಳೆ ನೋಡುತ್ತಾರೆ.

ಈ ಕೆಲಸದ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಒಂದು ಎಡವಟ್ಟು. ಹಲ್ಲಿನ ಬದಲು ಬಾಯಲ್ಲಿ ಜಾಲರಿಯಿರುವ ಬಲೀನ್ ತಿಮಿಂಗಿಲಗಳೆಲ್ಲ ಒಂದೇ ಹಲ್ಲಿಲ್ಲದ ಪೂರ್ವಜನಿಂದ ಬಂದಿದ್ದರೆ, ಅವೆಲ್ಲದರ ಎನಾಮೆಲಿನ್ ಜೀನಿನಲ್ಲಿ ಕನಿಷ್ಠ ಒಂದಾದರೂ ಸಮಾನವಾದ ಮುರಿತ ಸಿಗಬೇಕಿತ್ತು. ಮುರಿತಗಳು ಸಿಕ್ಕವು, ಆದರೆ ಒಂದೊಂದು ತಿಮಿಂಗಿಲದಲ್ಲಿ ಒಂದೊಂದು ಕಡೆ, ಎಲ್ಲಕ್ಕೂ ಸಮಾನವಾದದ್ದು ಒಂದೂ ಇಲ್ಲ. ಕಥೆಯನ್ನು ಹೇಗಾದರೂ ಸರಿಹೊಂದಿಸಿ ಮುಗಿಸುವ ಆಸೆ ಯಾರಿಗಾದರೂ ಆಗುವ ಜಾಗವಿದು. ಅವರು ಎನಾಮಲ್‌ಗೆ ಬೇಕಾದ ಇನ್ನೊಂದು ಜೀನ್ ಆದ ಎನಾಮೆಲೈಸಿನ್ ಅನ್ನು ಹುಡುಕಲು ಹೊರಟರು. 2011ರಲ್ಲಿ ಉತ್ತರ ಬಂತು: ಜೀನೋಮಿನೊಳಗೆ, ಅಂದರೆ ಜೀವಿಯ ಇಡೀ ಡಿಎನ್‌ಎಯೊಳಗೆ, ಜಾಗದಿಂದ ಜಾಗಕ್ಕೆ ನಕಲಾಗುತ್ತ ಹೋಗುವ ಡಿಎನ್‌ಎ ತುಣುಕೊಂದು ಬಂದು ಆ ಜೀನಿನ ನಡುವೆ ಸೇರಿಕೊಂಡು ಅದನ್ನು ಕೆಡಿಸಿತ್ತು, ಮತ್ತು ಅವರು ಪರೀಕ್ಷಿಸಿದ ಬಲೀನ್ ತಿಮಿಂಗಿಲಗಳಲ್ಲೆಲ್ಲ ಅದು ಅದೇ ಜಾಗದಲ್ಲಿತ್ತು. ಇವುಗಳ ಭ್ರೂಣದಲ್ಲಿ ಇಂದಿಗೂ ಹಲ್ಲಿನ ಮೊಳಕೆ ಮೂಡಿ, ಹುಟ್ಟುವ ಮೊದಲೇ ಕರಗಿಹೋಗುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷ ಪಾಠದಲ್ಲಿ ಹೇಳಿದ್ದೆ. ಆದರೆ ಅದರ ಹಿಂದೆ ಇಂಥ ಜೀನ್‌ಗಳ ಕಥೆಯಿದೆ ಎಂದು ನನಗೂ ಗೊತ್ತಿರಲಿಲ್ಲ.

ಆನೆಯ ವಿಷಯ ಬಿಟ್ಟು ಕೊಡಗಿನಲ್ಲಿ ಯಾವ ಬರಹವೂ ಮುಗಿಯುವುದಿಲ್ಲವಲ್ಲ. ರಾತ್ರಿ ತೋಟಕ್ಕೆ ನುಗ್ಗಿ ಬಾಳೆ, ಹಲಸು ತಿಂದು ಹೋಗುವ ಈ ದೊಡ್ಡವರು ಖಡ್ಗಮೃಗಕ್ಕಾಗಲಿ ನೀರುಕುದುರೆಗಾಗಲಿ ಹತ್ತಿರದವರಲ್ಲ. ಕಡಲಹಸು, ಹೈರಾಕ್ಸ್, ಆಫ್ರಿಕದ ಚಿನ್ನದ ಮೋಲ್, ಮಡಗಾಸ್ಕರಿನ ಟೆನ್ರೆಕ್ ಇವರ ಬಳಗ. ಸ್ಪ್ರಿಂಗರ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಹೇಳಿದಾಗ, ಮರುವರ್ಷ ಆ ಬಳಗಕ್ಕೆ ಆಫ್ರೋಥೀರಿಯಾ ಎಂದು ಹೆಸರಿಟ್ಟಾಗ, ಮೂಳೆ ನೋಡಿ ವರ್ಗೀಕರಿಸುತ್ತಿದ್ದವರಿಗೆ ನಂಬಲು ಕಷ್ಟವಾಯಿತು. ಮುಷ್ಟಿಯಲ್ಲಿ ಹಿಡಿಸುವ ಕುರುಡು ಚಿನ್ನದ ಮೋಲ್‌ಗೂ ಆನೆಗೂ ಏನು ಹೋಲಿಕೆ ತೋರಿಸುವುದು? ಆದರೆ ಹೊಸ ಜೀನ್‌ಗಳನ್ನು ಸೇರಿಸಿ ನೋಡಿದಷ್ಟೂ ಆ ಬಳಗ ಗಟ್ಟಿಯಾಗುತ್ತಲೇ ಹೋಯಿತು.

ಹಾಗೆಂದು ಎಲ್ಲವೂ ತೀರ್ಮಾನವಾಗಿದೆ ಎಂದು ನಾನು ಹೇಳುತ್ತಿಲ್ಲ. ಆ ನಾಲ್ಕು ಬಳಗಗಳಲ್ಲಿ ಮೊದಲು ಕವಲೊಡೆದದ್ದು ಆಫ್ರಿಕದ್ದೋ, ದಕ್ಷಿಣ ಅಮೆರಿಕದ್ದೋ, ಅಥವಾ ಅವೆರಡೂ ಒಟ್ಟಿಗಿದ್ದು ಉಳಿದವುಗಳಿಂದ ಬೇರೆಯಾದವೋ ಎಂಬ ವಾದ ಬಹುಕಾಲ ನಡೆದಿದೆ. ಡೈನೊಸಾರ್‌ಗಳು ಅಳಿದ 6.6 ಕೋಟಿ ವರ್ಷಗಳ ಹಿಂದಿನ ಆ ಗಡಿಯ ನಂತರವೇ ಇಂದಿನ ಸಸ್ತನಿ ಗಣಗಳು ಕವಲೊಡೆದವು ಎಂದು 2013ರಲ್ಲಿ ಒಂದು ತಂಡ ವಾದಿಸಿತು. ಅದೇ ವರ್ಷ ಸ್ಪ್ರಿಂಗರ್ ಮತ್ತಿತರರು ಅದನ್ನು ಬಲವಾಗಿ ವಿರೋಧಿಸಿದರು. 2023ರಲ್ಲಿ ಝೂನೋಮಿಯಾ ಯೋಜನೆಯವರು 240 ಸಸ್ತನಿ ಪ್ರಭೇದಗಳ ಜೀನೋಮ್‌ಗಳನ್ನು ಒಟ್ಟಿಗಿಟ್ಟು ಹೋಲಿಸಿದರು. ಆ ದತ್ತಾಂಶವನ್ನು ಬಳಸಿದ ಕಾಲಗಣನೆಯೂ ಬಳಗಗಳ ಮೊದಲ ಕವಲುಗಳನ್ನು ಡೈನೊಸಾರ್‌ಗಳ ಕಾಲದೊಳಕ್ಕೇ ಇಡುತ್ತದೆ. ನನಗೆ ಆ ಪಕ್ಷವೇ ಹೆಚ್ಚು ಸರಿಯೆನಿಸುತ್ತದೆ.

ನನ್ನ ತಕರಾರು ಇರುವುದು ಪಾಠದ ಬಗ್ಗೆ. ಯಾವ ಪ್ರಾಣಿ ಯಾವ ಗಣ ಎಂದು ಬಾಯಿಪಾಠ ಮಾಡಿಸಿ ಎರಡು ಅಂಕ ಕೊಡುವವರೆಗೆ ಅದು ಟೆಲಿಫೋನ್ ಡೈರೆಕ್ಟರಿ ಓದಿಸಿದಂತೆ. ಹಳೆಯ ಪಟ್ಟಿಯ ಜಾಗಕ್ಕೆ ಹೊಸ ಪಟ್ಟಿ ಬಂದರೂ ವಿದ್ಯಾರ್ಥಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನನ್ನಂಥ ಅಧ್ಯಾಪಕನಿಗೂ ತಿಳಿಯಲಿಲ್ಲ. ಬದಲಿಗೆ ಚಿಪ್ಪುಹಂದಿ ಮತ್ತು ನಾಯಿಯ ಎನಾಮೆಲಿನ್ ಜೀನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಕ್ಷರ ಎಲ್ಲಿ ಬಿದ್ದುಹೋಗಿದೆ ಎಂದು ಮಕ್ಕಳಿಂದಲೇ ಹುಡುಕಿಸಬೇಕು. ಇಂಥ ಮಾಹಿತಿ ಸಾರ್ವಜನಿಕ ಭಂಡಾರಗಳಲ್ಲಿ ಉಚಿತವಾಗಿ ಸಿಗುತ್ತದೆ, ಹೋಲಿಸುವ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಅಧ್ಯಾಪಕ ಮಿತ್ರರು ಕರೆದರೆ ನಾನೇ ಬಂದು ಒಂದು ಮಧ್ಯಾಹ್ನ ಕುಳಿತು ತೋರಿಸುತ್ತೇನೆ. ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಯಾವಾಗ ಬೇಕಾದರೂ ಆಗಬಹುದು. ಮಳೆಗಾಲದಲ್ಲಿ ಇಟ್ಟುಕೊಂಡರೆ ಕರೆಂಟ್ ಇರುತ್ತದೆಯೇ ಎಂದು ಮೊದಲು ವಿಚಾರಿಸಿ.