ಮಾವನ ಶನಿವಾರ, ಕ್ವೀನ್ಸ್‌ನ ಊಟ

ನ್ಯೂಯಾರ್ಕಿಗೆ ಬಂದ ನೆಂಟರಿಗೆ ಅಮೆರಿಕ ತೋರಿಸುವುದು ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮ್ಯಾನ್‌ಹ್ಯಾಟನ್‌ನಲ್ಲಿ ಮನೆ ಇದ್ದವರಿಗೆ ಸುಲಭವೇ ಇರಬಹುದು. ನಾವಿರುವುದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ. ಇಲ್ಲಿ ಸ್ಟೇಷನ್ ಮೆಟ್ಟಿಲು ಇಳಿದರೆ ಪಾನ್ ಅಂಗಡಿ, ಸೀರೆ ಅಂಗಡಿ, ಚಿನ್ನದಂಗಡಿ. ಪಕ್ಕದ ಬೀದಿಗೆ ತಿರುಗಿದರೆ ಬಾಂಗ್ಲಾದೇಶದವರ ಹೋಟೆಲುಗಳು. ಇನ್ನೊಂದು ಕಡೆ ನೇಪಾಳಿ, ಟಿಬೆಟನ್ ಮೊಮೊ. ರೂಸ್‌ವೆಲ್ಟ್ ಅವೆನ್ಯೂ ಹಿಡಿದು ನಡೆದರೆ ಕೊಲಂಬಿಯಾ, ಮೆಕ್ಸಿಕೊ. ಪಿರಿಯಾಪಟ್ಟಣದಿಂದ ಬಂದ ನಮ್ಮ ಸೋದರಮಾವ ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಎಲ್ಲಾ ಸರಿ, ಅಮೆರಿಕದವರು ಎಲ್ಲಿದಾರೆ?" ಅಂದರು.

ಕ್ವೀನ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನ ಹುಟ್ಟಿದ್ದು ಬೇರೆ ದೇಶದಲ್ಲಿ ಅಂತ ವಿವರಿಸಿದೆ. 1965ರಲ್ಲಿ ಬಂದ ಹೊಸ ಕಾನೂನು ಆ ದೇಶಕ್ಕಿಷ್ಟು ಈ ದೇಶಕ್ಕಿಷ್ಟು ಅನ್ನುವ ಹಳೇ ಲೆಕ್ಕವನ್ನು ತೆಗೆದುಹಾಕಿತು, ಆಮೇಲೆ ನಮ್ಮವರು ಬರತೊಡಗಿದರು ಅಂದೆ. ಅವರು ಆಕಳಿಸಿದರು. ಆದರೆ 74ನೇ ಬೀದಿ ನಮ್ಮವರದಾದದ್ದರಲ್ಲಿ 1970ರ ದಶಕದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಪಾಲು ದೊಡ್ಡದು, ಊರಿಗೆ ಹೊತ್ತೊಯ್ಯಲು ಅಲ್ಲಿ 220 ವೋಲ್ಟಿನ ಸಾಮಾನು ಸಿಗುತ್ತಿತ್ತು ಅಂದಾಗ ಕಣ್ಣರಳಿಸಿದರು. "ಈಗಲೂ ಸಿಗತ್ತಾ? ಮಿಕ್ಸಿ?" ಮೈಸೂರಿನಲ್ಲಿ ಮಾರುವ ಮಿಕ್ಸಿಯನ್ನು ಇಲ್ಲಿಂದ ಯಾಕೆ ಹೊರಬೇಕು ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಮಾವ ಶನಿವಾರ ಮಾತ್ರ ಸಸ್ಯಾಹಾರಿ. ಹನುಮಂತರಾಯನ ವಾರ. ಉಳಿದ ದಿನ ಕೋಳಿ, ಕುರಿ, ಮೀನು ಯಾವುದಕ್ಕೂ ತಕರಾರಿಲ್ಲ. ನನಗೆ ತಿರುಗಾಟಕ್ಕೆ ಬಿಡುವು ಸಿಗುವುದು ಶನಿವಾರ. ಎಲ್ಲಾ ರಾದ್ಧಾಂತದ ಮೂಲ ಇದೇ.

ಪಕ್ಕದ ಎಲ್ಮ್‌ಹರ್ಸ್ಟ್‌ನಲ್ಲಿ ಥಾಯ್ ಹೋಟೆಲುಗಳು ಜಾಸ್ತಿ. ಒಂದಕ್ಕೆ ಹೋದೆವು. ಒಳಗೆ ಒರಳಿನಲ್ಲಿ ಏನೋ ಕುಟ್ಟುವ ಸದ್ದು ಕೇಳಿ ಮಾವ ಖುಷಿಯಾದರು. "ಮಿಕ್ಸಿ ಇಲ್ದೆ ಕೈಯಲ್ಲೇ ಮಾಡ್ತಾರೆ, ಒಳ್ಳೆ ಜನ." ನಾನು ಬಡಿಸುವ ಹುಡುಗಿಗೆ ಮೀನು ಬೇಡ, ಮಾಂಸ ಬೇಡ, ಸೀಗಡಿ ಬೇಡ ಅಂತ ಬೆರಳು ಮಡಚಿ ಮಡಚಿ ಹೇಳಿದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಬಂತು ಪರಂಗಿಕಾಯಿ ಸಾಲಡ್. ಎಳೆ ಎಳೆಯಾಗಿ ಹೆರೆದ ಹಸಿ ಪರಂಗಿ, ಹುರಿದ ಕಡಲೆಕಾಯಿ, ನಿಂಬೆರಸ, ಬೆಲ್ಲದ ಸಿಹಿ, ಮೂಗಿನಲ್ಲಿ ನೀರು ಬರಿಸುವ ಹಸಿಮೆಣಸಿನಕಾಯಿ. ನೋಡಲು ರಾಮನವಮಿಯ ಕೋಸಂಬರಿ ಹಾಗೇ. ಮಾವ ಮುಕ್ಕಾಲು ತಟ್ಟೆ ಮುಗಿಸಿದ ಮೇಲೆ ಕೆಂಪಗೆ ಸುರುಳಿ ಸುತ್ತಿದ ಒಂದು ಸಣ್ಣ ಚೂರನ್ನು ಬೆಳಕಿಗೆ ಹಿಡಿದು, "ಇದು ಯಾವ ಕಾಳು?" ಅಂದರು.

ಹುಡುಗಿಯನ್ನು ಕರೆದು ಕೇಳಿದೆ. ಅವಳು ನಗುತ್ತಾ ಸಮಾಧಾನ ಮಾಡಿದಳು. ಸೀಗಡಿ ಹಾಕಿಲ್ಲ, ಒಣಗಿದ ಸೀಗಡಿ ಮಾತ್ರ. ಮೀನೂ ಹಾಕಿಲ್ಲ, ಮೀನಿನ ಸಾಸ್ ಅಷ್ಟೇ.

ಮಾವ ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ ಥಾಯ್ ರಾಜನ ಫೋಟೋವನ್ನೇ ನೋಡುತ್ತಾ ಕೂತರು. ಆಮೇಲೆ ತೀರ್ಪು ಕೊಟ್ಟರು. "ಗೊತ್ತಿಲ್ದೆ ತಿಂದಿದ್ದು ಲೆಕ್ಕಕ್ಕಿಲ್ಲ. ಗೊತ್ತಾದ ಮೇಲೆ ಬಿಟ್ರೆ ಅನ್ನಕ್ಕೆ ಅವಮಾನ." ತಟ್ಟೆ ಖಾಲಿ ಮಾಡಿ ಎದ್ದವರು ಹೊರಗೆ ಬಂದು, "ಇಲ್ಲಿ ದೇವಸ್ಥಾನ ಎಲ್ಲಿದೆ?" ಅಂದರು.

ಇದೆ, ಫ್ಲಶಿಂಗ್‌ನಲ್ಲಿ. ಬೌನ್ ಸ್ಟ್ರೀಟ್‌ನಲ್ಲಿ 1977ರಿಂದ ಗಣಪತಿ ಕೂತಿದ್ದಾನೆ. 7ನೇ ನಂಬರ್ ರೈಲು ಹತ್ತಿದೆವು. ಕೊನೇ ನಿಲ್ದಾಣ ಮೇನ್ ಸ್ಟ್ರೀಟ್, ಪೂರಾ ಚೀನೀಯರ ಪೇಟೆ. ತೊಟ್ಟಿಯಲ್ಲಿ ಈಜುವ ಮೀನು, ಬುಟ್ಟಿ ತುಂಬಾ ಏಡಿ, ಗಾಜಿನ ಹಿಂದೆ ಸಾಲಾಗಿ ತೂಗುಹಾಕಿದ ಬಾತುಕೋಳಿ. ಕೆಂಪಗೆ ಮಿರಿಮಿರಿ ಮಿಂಚುತ್ತಾ ಎಣ್ಣೆ ತೊಟ್ಟಿಕ್ಕುವ ಆ ಬಾತುಕೋಳಿಗಳ ಮುಂದೆ ಮಾವ ನಿಂತೇಬಿಟ್ಟರು. "ಇಲ್ಲಿಗೆ ಭಾನುವಾರ ಬರೋಣ ಕಣೋ" ಅಂದರು. ಪ್ರಾಯಶ್ಚಿತ್ತಕ್ಕೆ ಹೊರಟವರ ಮಾತು ಇದು!

ದೇವಸ್ಥಾನದ ನೆಲಮಾಳಿಗೆಯಲ್ಲಿ ಕ್ಯಾಂಟೀನ್ ಇದೆ, ದೋಸೆಗೆ ಹೆಸರುವಾಸಿ. ಅಲ್ಲಿ ಚೀನೀ ಅಜ್ಜಿಯೊಬ್ಬರು ಮಸಾಲೆ ದೋಸೆಯನ್ನು ಕೈಯಲ್ಲೇ ಮುರಿದು ಚಟ್ನಿಗೆ ಅದ್ದಿ ತಿನ್ನುತ್ತಿದ್ದರು. ಮಾವ ನನ್ನ ಕಡೆ ನೋಡಿದರು. ನಾನು ದೋಸೆಯನ್ನು ಪ್ಲಾಸ್ಟಿಕ್ ಫೋರ್ಕಿನಲ್ಲಿ ಚುಚ್ಚುತ್ತಿದ್ದೆ.

ಮೊಮೊ ಅಂಗಡಿಯ ಕಥೆ ಬೇರೆ ದಿನದ್ದು. ಜಾಕ್ಸನ್ ಹೈಟ್ಸ್‌ನಲ್ಲಿ ಹೊರಗಿನ ಬೋರ್ಡ್ ನಂಬಿ ಒಳಗೆ ಹೋಗಬಾರದು. ಮುಂದೆ ಮೊಬೈಲ್ ಅಂಗಡಿ, ಹಿಂದೆ ಅಡುಗೆಮನೆ ಇರುವ ಜಾಗಗಳಿವೆ, ಊಟ ಅಲ್ಲೇ ಚೆನ್ನಾಗಿರುವುದು. ನಾವು ಹೋದದ್ದು ರೈಲು ಕಂಬಗಳ ಪಕ್ಕದ ಒಂದು ಸಣ್ಣ ಅಂಗಡಿ. ಸಾಲಿನಲ್ಲಿ ನಿಂತ ಮಾವ, ಕನ್ನಡ ಯಾರಿಗೂ ಬರಲ್ಲ ಅನ್ನುವ ಭರವಸೆಯಲ್ಲಿ, ಗದ್ದೆಯಲ್ಲಿ ಕೂಗುವ ಗಂಟಲಲ್ಲಿ ಶುರು ಮಾಡಿದರು. "ಬರೀ ಮೈದಾ. ಒಳಗೆ ಏನ್ ತುಂಬಿದಾರೋ ದೇವ್ರಿಗೇ ಗೊತ್ತು. ಡಾಲರ್ ಕೊಟ್ಟು ಇದನ್ನ ತಿನ್ಬೇಕಾ?"

ಕೌಂಟರ್ ಹಿಂದಿದ್ದ ಟಿಬೆಟನ್ ಹೆಂಗಸು ತಲೆ ಎತ್ತದೆ ಹೇಳಿದಳು. "ಚಿಕನ್ ಇದೆ ಸಾರ್, ವೆಜ್ ಇದೆ. ಬೀಫ್ ಬೇರೆ ಪಾತ್ರೆ. ಮೈದಾ ಬೇಡ ಅಂದ್ರೆ ಮನೇಲಿ ಮುದ್ದೆ ಮಾಡ್ಕೊಳಿ."

ಸರಿಯಾಗಿ ಆಗಲೇ ತಲೆ ಮೇಲೆ ರೈಲು ಹಾದುಹೋಯಿತು. ಮಾವನ ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಒಳ್ಳೆಯದೇ ಆಯಿತು.

ಸದ್ದಡಗಿದ ಮೇಲೆ ಮಾವ ಕೇಳಿದರು. "ಯಾವೂರಮ್ಮಾ?"

"ಬೈಲಕುಪ್ಪೆ."

"ಎಷ್ಟನೇ ಕ್ಯಾಂಪು?"

ಅಲ್ಲಿಗೆ ಮುಗಿಯಿತು. ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿನದೇ ತಾನೇ. ಟಿಬೆಟನ್ನರು ಅಲ್ಲಿ ನೆಲೆ ನಿಂತದ್ದು 1961ರಲ್ಲಿ. 1990ರ ಕಾನೂನೊಂದು ಭಾರತ, ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ಅಮೆರಿಕದ ವೀಸಾ ಕೊಟ್ಟಿತು. ಅವರ ಹಿಂದೆ ಸಂಸಾರಗಳು ಬಂದವು, ಕೆಲವರ ಜೊತೆ ಕನ್ನಡವೂ ಬಂತು. ಇದೆಲ್ಲ ನನಗೆ ಗೊತ್ತಿತ್ತು, ಮಾವನಿಗೆ ಮೊದಲೇ ಹೇಳಬಹುದಿತ್ತು. ಆದರೆ ಆ ಮುಖ ನೋಡುವ ಅವಕಾಶ ತಪ್ಪುತ್ತಿತ್ತು.

ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಇವರಿಬ್ಬರು ಮುಸುಕಿನ ಜೋಳದ ಬೆಲೆ, ಕುಶಾಲನಗರದ ಬಸ್ ಸ್ಟ್ಯಾಂಡು, ಈ ವರ್ಷದ ಮಳೆ ಎಲ್ಲ ಮುಗಿಸಿದರು. ಆಮೇಲೆ ಚೌಕಾಸಿ. "ನಮ್ಮೂರೋಳು ಅಂತೀಯ, ಎರಡು ಜಾಸ್ತಿ ಹಾಕು." ಹಾಕಿದಳು. ಕೆಂಪು ಚಟ್ನಿಯ ಬಟ್ಟಲು ತಳ್ಳುತ್ತಾ, "ಖಾರ ಇದೆ ಸಾರ್, ನೋಡ್ಕೊಂಡು" ಅಂದಳು. ಮಾವ ನಮಗೇ ಖಾರ ಹೇಳಿಕೊಡ್ತೀಯಾ ಅನ್ನುವ ಹಾಗೆ ಒಂದು ಚಮಚ ತುಂಬಾ ಬಾಯಿಗಿಟ್ಟರು. ಮುಂದಿನ ಸಂಭಾಷಣೆಯೆಲ್ಲ ಬಿಕ್ಕಳಿಕೆಯ ನಡುವೆಯೇ ನಡೆಯಿತು.

ಆ ಬಿಕ್ಕಳಿಕೆಯಲ್ಲೇ ಇನ್ನೊಂದಕ್ಕೂ ಒಪ್ಪಿಕೊಂಡಿದ್ದರು. ಹೊರಡುವ ಹಿಂದಿನ ಸಂಜೆ ಆಕೆ ನಮ್ಮ ಮನೆ ಬಾಗಿಲಿಗೆ ಬಂದು, ಬೈಲಕುಪ್ಪೆಯ ಅಮ್ಮನಿಗೆ ಅಂತ ಒಂದು ಗಂಟು ಕೊಟ್ಟು ಹೋದಳು. "ಸುಮ್ನೆ ಸ್ವಲ್ಪ ಸಾಮಾನು ಸಾರ್." ವಿಮಾನದಲ್ಲಿ ಒಂದು ಸೂಟ್‌ಕೇಸಿಗೆ 23 ಕೆ.ಜಿ. ನಾನು ಸೂಟ್‌ಕೇಸ್ ತಬ್ಬಿಕೊಂಡು ಬಚ್ಚಲಿನ ತೂಕದ ಯಂತ್ರ ಹತ್ತಿದೆ, ನನ್ನ ತೂಕ ಕಳೆದೆ. ಜಾಸ್ತಿ. ಮತ್ತೆ ಬಿಚ್ಚಿದೆವು. ಮಾವ ಒಂದೊಂದೇ ಎತ್ತಿ ನೋಡಿ, ನಾನು ನಮ್ಮಮ್ಮನಿಗೆ ಕಳಿಸುತ್ತಿದ್ದ ಬಾದಾಮಿ ಪ್ಯಾಕೆಟ್ಟುಗಳನ್ನು ಪಕ್ಕಕ್ಕಿಟ್ಟರು. "ಬಾದಾಮಿ ಮೈಸೂರಲ್ಲೂ ಸಿಗತ್ತೆ."

ಗಂಟಿನಲ್ಲಿ ಏನಿದೆ ಅಂತ ಬಿಚ್ಚಿ ನೋಡಿದೆ. ಸ್ವೆಟರುಗಳು. ಚಳಿಗಾಲ ಬಂದರೆ ಮೈಸೂರಿನಲ್ಲಿ ಸ್ವೆಟರ್ ಮಾರಲು ಕೂರುವವರೇ ಬೈಲಕುಪ್ಪೆಯ ಕಡೆಯವರು, ಮಾವ ಹಾಕಿಕೊಂಡಿದ್ದೂ ಅವರ ಹತ್ತಿರ ಕೊಂಡದ್ದೇ. ಅದನ್ನು ನೆನಪಿಸಿದೆ. ಮಾವ ಕೇಳಿಸದವರ ಹಾಗೆ ಸೂಟ್‌ಕೇಸಿನ ಮೇಲೆ ಹತ್ತಿ ಕೂತು, "ಜಿಪ್ ಎಳಿ, ಜಿಪ್ ಎಳಿ" ಅಂದರು.